ಯಂಕವ್ವನ ಕರಿ ನಾಲ್ಕು

ಬನಹಟ್ಟಿಯ ಯಂಕವ್ವನ ಧ್ವನಿ ಹೋಯಿತು ಎಂದು ಜಮಖಂಡಿಗೆ ಮೊಟ್ಟಮೊದಲು ಸಾರಿದವನು ನಾನು. ಬರೀ ಬಾಯಿಮಾತಿನಲ್ಲಲ್ಲ, ಅಚ್ಚಿನಲ್ಲಿ. ೧೯೫೩ರ ಕಾರ್ತಿಕದಲ್ಲಿ ನಮ್ಮೂರಿನ ನಾಲ್ಕು ಪುಟದ ವಾರಪತ್ರಿಕೆಯಲ್ಲಿ ‘ಕೋಗಿಲೆಯ ಕಂಠಕ್ಕೆ ಕಾಲದ ಕತ್ತರಿ’ ಎಂದು ತಲೆಬರಹ ಕೊಟ್ಟು ಒಂದೂವರೆ ಕಾಲಂ ಬರೆದಿದ್ದೆ. ಆಗ ಯಂಕವ್ವನಿಗೆ ಮೂವತ್ತೆರಡು ವರ್ಷ. ಕಾಲ ಅಷ್ಟು ಬೇಗ ಕತ್ತರಿ ಹಿಡಿಯುವುದಿಲ್ಲ ಎಂದು ಯಾರಾದರೂ ಹೇಳಬಹುದಿತ್ತು. ಆದರೆ ನಾಲ್ಕು ‘ಕ’ಗಳು ತಾವಾಗಿ ಬಂದು ಒಂದೇ ಸಾಲಿನಲ್ಲಿ ಕೂತಾಗ ಬರೆಯುವವನಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಸಂಗೀತದ ವಿಷಯದಲ್ಲಿ ತೀರ್ಪು ಕೊಡಲು ನನಗಿದ್ದ ಅಧಿಕಾರ ಇಷ್ಟೇ: ಮನೆಯಲ್ಲಿ ಗ್ರಾಮಫೋನ್ ಇತ್ತು, ಮತ್ತು ನಾನು ಊರಿನ ಸಂಗೀತಪ್ರೇಮಿ ಮಂಡಳಿಯ ಕಾರ್ಯದರ್ಶಿಯಾಗಿದ್ದೆ. ಕಾರ್ಯದರ್ಶಿ ಆದದ್ದು ನನ್ನ ಅಕ್ಷರ ದುಂಡಗಿದ್ದ ಕಾರಣಕ್ಕೆ. ಅಧ್ಯಕ್ಷರು ಬಸಗೊಂಡಪ್ಪ ಸಾವಕಾರರು. ಇನ್ನೂರು ಮಂದಿ ಕೂಡುವಂಥ ಜಮಖಾನ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಅವರನ್ನು ಬಿಟ್ಟು ಬೇರೆಯವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದರೆ ಎಲ್ಲರೂ ನೆಲದ ಮೇಲೆ ಕೂಡಬೇಕಾಗುತ್ತಿತ್ತು. ಹಾಡಿಕೆ ನಡೆದಾಗ ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದೆವು. ನಾನು ತಬಲಾದವನನ್ನು ನೋಡಿ ತೂಗುತ್ತಿದ್ದೆ, ಸಾವಕಾರರು ನನ್ನನ್ನು ನೋಡಿ ತೂಗುತ್ತಿದ್ದರು.

ಯಂಕವ್ವ ಬನಹಟ್ಟಿಯ ನೇಕಾರ ಮಲಕಾಜಪ್ಪನ ಮಗಳು. ತಾಯಿ ಇಲ್ಲ, ಒಡಹುಟ್ಟಿದವರಿಲ್ಲ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದರೆ ಮಗಳು ಪಕ್ಕದಲ್ಲಿ ಕೂತು ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗದ ಸದ್ದಿನ ಮೇಲೆ ಕೇಳಬೇಕೆಂದರೆ ಗಟ್ಟಿಯಾಗಿಯೇ ಹಾಡಬೇಕು. ಆಕೆಯ ಗಂಟಲು ತೆರೆದದ್ದು ಹಾಗೆ. ಒಂದು ದಿನ ರಬಕವಿಯ ಹಿರಿಯ ಮಾಸ್ತರರು, ಸಂಗೀತ ಕಲಿಸುವ ಮುದುಕರು, ಧೋತರ ಕೊಳ್ಳಲು ಬಂದವರು ಅಲ್ಲೇ ಊಟಕ್ಕೆ ಕೂತರು. ಮಲಕಾಜಪ್ಪನ ತೀರಿಹೋದ ಹೆಂಡತಿ ತವರಿನಿಂದ ತಂದಿದ್ದ ಕಂಚಿನ ಗಂಗಾಳದಲ್ಲಿ, ಅಗಲ ತಟ್ಟೆಯಲ್ಲಿ, ಬಡಿಸಿದ್ದರು. ಕೈ ತೊಳೆಯುವಾಗ ಮಾಸ್ತರರ ಉಂಗುರ ಗಂಗಾಳದ ಅಂಚಿಗೆ ಬಡಿದು ‘ಠಣ್’ ಎಂದಿತು. ಮುದುಕರು ತೊಯ್ದ ಕೈಯನ್ನು ಹಾಗೆಯೇ ಹಿಡಿದುಕೊಂಡು ಕೂತುಬಿಟ್ಟರು.

“ಏ ಹುಡಿಗೀ, ನಿಮ್ಮ ಗಂಗಾಳಾ ನಿನ್ನ ಕೂಡ ಹಾಡಾಕತ್ತೈತಿ ನೋಡ” ಅಂದರು.

ಹೌದು, ಹುಡುಗಿ ಗುನುಗುತ್ತಿದ್ದ ‘ಸಾ’ ಮತ್ತು ಗಂಗಾಳದ ನಾದ ಒಂದೇ ಆಗಿದ್ದವು. ನಮ್ಮ ಕಡೆ ಹಾಡುವವರ ಸೂರನ್ನು ಪೇಟಿಯಿಂದ ಗುರುತಿಸುತ್ತಾರೆ. ಪೇಟಿ ಅಂದರೆ ಹಾರ್ಮೋನಿಯಂ. ಅದರ ಬಿಳಿ ಪಟ್ಟಿ, ಕರಿ ಪಟ್ಟಿಗಳಲ್ಲಿ ಯಾವುದರಿಂದ ‘ಸಾ’ ಹಿಡಿದರೆ ಗಂಟಲಿಗೆ ಒಗ್ಗುತ್ತದೋ ಅದೇ ಅವರ ಸೂರು. ಮಾಸ್ತರರು ತಮ್ಮ ಪೇಟಿಯ ಮೇಲೆ ಹುಡುಕಿ ನೋಡಿದರು: ಯಂಕವ್ವನದು ಕರಿ ನಾಲ್ಕು. ಅಂದಿನಿಂದ ಆಕೆಗೆ ಪಾಠ ಶುರುವಾಯಿತು. ಬನಹಟ್ಟಿಯಿಂದ ರಬಕವಿಗೆ ದಿನವೂ ನಡೆದು ಹೋಗಿ ಎಂಟು ವರ್ಷ ಕಲಿತಳು. ನಡುವೆ ಮದುವೆಯಾಯಿತು, ಗಂಡ ಸೊಲ್ಲಾಪುರದ ಗಿರಣಿಗೆಂದು ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ. ಆಕೆ ಒಂದು ದಿನ ಅತ್ತಳಂತೆ, ಮರುದಿನ ಪಾಠಕ್ಕೆ ಹೋದಳಂತೆ.

ಮಾಸ್ತರರ ಮಗ ಗಿರಮಲ್ಲಪ್ಪ. ಅವನಿಗೆ ಗಂಟಲಿರಲಿಲ್ಲ, ಬೆರಳಿದ್ದವು. ಮುದುಕರು ತೀರಿಕೊಂಡ ಮೇಲೆ ಯಂಕವ್ವ ಹಾಡುವುದು, ಗಿರಮಲ್ಲಪ್ಪ ಪೇಟಿ ಹಿಡಿಯುವುದು ಎಂದು ಇಬ್ಬರೂ ಊರೂರು ತಿರುಗಲಾರಂಭಿಸಿದರು. ಅದರ ಮುಂದಿನ ವರ್ಷ ಮಲಕಾಜಪ್ಪನೂ ಹೋದ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಯಂಕವ್ವನಿಗೆ ಹೋಗಲು ಮನೆ ಇರಲಿಲ್ಲ. ಆಗ ಗಿರಮಲ್ಲಪ್ಪ ಸೈಕಲ್ ಮೇಲೆ ಬನಹಟ್ಟಿಗೆ ಬಂದು ಬಾಗಿಲಲ್ಲಿ ಗಂಟೆ ಬಾರಿಸಿ, “ಯಂಕವ್ವಾ, ನಡೀಬೇ. ನಿಮ್ಮ ವೈನಿ ಉಂಡಿ ಕಟ್ಟಿ ದಾರಿ ನೋಡಾಕತ್ತಾಳ” ಎಂದ. ಆ ವರ್ಷದಿಂದ ರಬಕವಿಯೇ ಆಕೆಯ ತವರಾಯಿತು. ವರ್ಷವೂ ಜೋಕಾಲಿ, ಅತ್ತಿಗೆ ಕಟ್ಟಿದ ಉಂಡಿ, ಉಡಿಯಲ್ಲಿ ಕುಬಸ ಹೊಲಿಸಲು ಒಂದು ಖಣ. ಹದಿಮೂರು ವರ್ಷ ತಪ್ಪಲಿಲ್ಲ. ಯಂಕವ್ವ ಹಾಡಿಕೆಗೆ ತೊಟ್ಟು ಬರುತ್ತಿದ್ದ ಕುಬಸಗಳೆಲ್ಲ ಗಿರಮಲ್ಲಪ್ಪ ಕೊಟ್ಟವೇ.

ಹೆಂಗಸೊಬ್ಬಳು ಹಾಡಿ ಬದುಕುವುದು ಆಗ ಹೇಗಿತ್ತೆಂಬುದಕ್ಕೆ ಬೀಳಗಿಯ ಒಂದು ದೊಡ್ಡ ಮನೆಯ ತೊಟ್ಟಿಲ ಕಾರ್ಯವನ್ನು ಹೇಳಿದರೆ ಸಾಕು. ಹಾಡು ಬೇಕು, ಹಾಡುವಾಕೆ ಹತ್ತು ಮಂದಿಯ ಕಣ್ಣಿಗೆ ಬೀಳಬಾರದು ಎಂದು ಆ ಮನೆಯ ಯಜಮಾನರ ಅಪ್ಪಣೆಯಾಯಿತು. ಯಂಕವ್ವನನ್ನು ಅಡಿಗೆಮನೆಯ ಬಾಗಿಲಿಗೆ ಪರದೆ ಕಟ್ಟಿ ಒಳಗೆ ಕೂರಿಸಿದರು. ಗಿರಮಲ್ಲಪ್ಪ ಪೇಟಿಯೊಡನೆ ಹೊರಗೆ. ಎರಡು ತಾಸು ಹಾಡಿಕೆ ನಡೆಯಿತು. ಮುಗಿದ ಮೇಲೆ ದೂರದಿಂದ ಬಂದಿದ್ದ ಒಬ್ಬ ಹಿರಿಯರು ಎದ್ದು ಬಂದು ಗಿರಮಲ್ಲಪ್ಪನ ಎರಡೂ ಕೈ ಹಿಡಿದುಕೊಂಡರು.

“ಮಾಸ್ತರ, ಗಂಡಸಾಗಿ ಎಷ್ಟ ನಾಜೂಕ ಧ್ವನಿ ರೀ ನಿಮ್ಮದು!”

ಹೆಗಲಿಗೆ ಶಾಲನ್ನೂ ಹೊದಿಸಿದರು. ಗಿರಮಲ್ಲಪ್ಪ ಕೈ ಮುಗಿದ. ಒಳಗೆ ಯಂಕವ್ವ ಒಗ್ಗರಣೆಯ ಘಾಟಿಗೆ ಕೆಮ್ಮುತ್ತ ಕೂತಿದ್ದಳು. ಊರು ದಾಟಿದ ಮೇಲೆ ಚಕ್ಕಡಿಯಲ್ಲಿ ಅವನು ಶಾಲು ತೆಗೆದು ಆಕೆಯ ಹೆಗಲ ಮೇಲೆ ಹಾಕಿ, “ತಗೋ ನಮ್ಮವ್ವಾ, ಇದು ನಿಂದು. ನಾ ಬರೇ ಬಾಯಿ ಮುಚಗೊಂಡ ಕುಂತಿದ್ದೆ, ಅದಕ್ಕೂ ಶಾಲು ಕೊಡ್ತಾರ” ಎಂದನಂತೆ. ಇಬ್ಬರೂ ಮುಧೋಳ ಬರುವವರೆಗೆ ನಕ್ಕರಂತೆ. ಗಿರಮಲ್ಲಪ್ಪ ಕೆಟ್ಟವನಾಗಿದ್ದರೆ ಈ ಕಥೆ ಬರೆಯುವುದು ನನಗೆ ಸುಲಭವಾಗುತ್ತಿತ್ತು.

ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಿತು. ಅರಮನೆಯ ಹಬ್ಬಗಳ ಹಾಡಿಕೆ ನಿಂತು, ಉಳಿದದ್ದು ಮದುವೆ ಮುಂಜಿವೆ ಮಾತ್ರ. ಅಲ್ಲಿ ಜನ ಊಟದ ಪಂಕ್ತಿಯಲ್ಲಿ ಕೂತಾಗ ಹಾಡಬೇಕು. ಖ್ಯಾಲ ಶುರು ಮಾಡಿದರೆ “ಸಾರು ಯಾರಿಗೆ, ಸಾರು” ಎಂಬ ಕೂಗು ಅದಕ್ಕಿಂತ ಮೇಲಿನ ಸ್ವರದಲ್ಲಿ ಬರುತ್ತಿತ್ತು. ಇಂಥ ದಿನಗಳಲ್ಲಿಯೇ ಗಿರಮಲ್ಲಪ್ಪ ಮಿರಜಿಗೆ ಹೋಗಿ ಹೊಸ ನಮೂನೆಯ ಪೇಟಿ ತಂದ. ಮಂಡಳಿಯಲ್ಲಿ ಅದರ ಪ್ರದರ್ಶನವೇ ನಡೆಯಿತು. ಆ ಪೇಟಿಯ ಪಟ್ಟಿಗಳ ಸಾಲನ್ನು ಎತ್ತಿ ಅತ್ತ ಇತ್ತ ಸರಿಸಬಹುದಾಗಿತ್ತು. ಒಂದು ಮನೆ, ಅಂದರೆ ಒಂದು ಪಟ್ಟಿಯಷ್ಟು, ಸರಿಸಿ ಕೂರಿಸಿದರೆ ಅದೇ ಪಟ್ಟಿ ಒತ್ತಿದರೂ ನಾದ ಒಂದು ಮನೆ ಏರಿ ಬರುತ್ತದೆ. ಇತ್ತ ಸರಿಸಿದರೆ ಇಳಿಯುತ್ತದೆ.

“ಅಂದ್ರ ಬೆರಳ ಇದ್ದಲ್ಲೆ ಇರತೈತಿ ರಾಯರ, ಒಳಗಿಂದ ಸೂರ ಬ್ಯಾರೆ ಬರತೈತಿ” ಎಂದು ಗಿರಮಲ್ಲಪ್ಪ ನನಗೆ ಮೂರು ಸಲ ವಿವರಿಸಿದ. ನಾನು “ವಾಹ್” ಎಂದೆ. ಏನೂ ತಿಳಿದಿರಲಿಲ್ಲ.

ಮರುವರ್ಷ ಧಾರವಾಡದಿಂದ ಮಂಡಳಿಗೆ ಕಾಗದ ಬಂದಿತು. ರೇಡಿಯೋ ಕೇಂದ್ರದ ಅಧಿಕಾರಿಯೊಬ್ಬರು ನಮ್ಮ ಭಾಗದ ಹಾಡುಗಾರರನ್ನು ಕೇಳಲು ಬರುವವರಿದ್ದಾರೆ, ಯೋಗ್ಯರಾದವರನ್ನು ಧಾರವಾಡಕ್ಕೆ ಕರೆಸಿಕೊಳ್ಳುತ್ತಾರೆ ಎಂದು. ಯಂಕವ್ವನನ್ನೂ ಗಿರಮಲ್ಲಪ್ಪನನ್ನೂ ಕರೆಸಿ ಕಾಗದವನ್ನು ನಾನೇ ಓದಿ ಹೇಳಿದೆ. ಯಂಕವ್ವ ಒಂದೇ ಮಾತು ಕೇಳಿದಳು:

“ರಾಯರ, ರೇಡಿಯೋದಾಗ ಹಾಡೂದು ಸೈತ ಪರದೆ ಹಿಂದ ಕುಂತಂಗ, ಹೌದಿಲ್ಲರಿ? ಆದರ ಹೆಸರ ನಂದ ಹೇಳತಾರಲ್ರಿ?”

“ಹೇಳತಾರ. ಮೊದಲೂ ಹೇಳತಾರ, ಕಡೀಕೂ ಹೇಳತಾರ.”

“ಹಂಗಾರ ಆತು. ನನಗ ಅಷ್ಟ ಸಾಕು” ಎಂದಳು. ಆಕೆಯ ಮುಖ ನೋಡಿ ನನಗೇ ಆ ಬೀಳಗಿಯ ಶಾಲು ನೆನಪಾಯಿತು.

ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ರೇಡಿಯೋದಲ್ಲಿ ಪೇಟಿಯನ್ನು ಬಳಸುವುದಿಲ್ಲ, ಆಯ್ಕೆಯಾದವರು ಅಲ್ಲಿ ತಂಬೂರಿಯ ಮೇಲೆಯೇ ಹಾಡಬೇಕು ಎಂದು. ಅದನ್ನೂ ಓದಿದೆ.

“ಏನಂದ್ರಿ? ಇನ್ನೊಮ್ಮೆ ಓದ್ರಿ” ಎಂದ ಗಿರಮಲ್ಲಪ್ಪ.

ನನ್ನ ಓದುವ ಶೈಲಿ ಅವನಿಗೆ ಹಿಡಿಸಿತೆಂದು ತಿಳಿದು ಇನ್ನಷ್ಟು ಠೀವಿಯಿಂದ ಓದಿದೆ. ಅವನು ಟೊಪಿಗೆ ತೆಗೆದು ಮತ್ತೆ ಇಟ್ಟುಕೊಂಡ.

ಧಾರವಾಡದವರು ಬಂದ ದಿನ ಹಾಡಿಕೆ ಸಂಜೆ ಐದಕ್ಕೆ. ಸಾವಕಾರರ ಜಮಖಾನ ತುಂಬಿತ್ತು. ಯಂಕವ್ವ ಪೇಟಿಯ ‘ಸಾ’ಕ್ಕೆ ತಂಬೂರಿ ಕೂರಿಸುವಾಗ ಒಂದು ತಂತಿ ಹರಿಯಿತು. ಹೊಸದು ಕಟ್ಟಿ ಬಿಗಿಯುವಾಗ ಅದೂ ಹರಿಯಿತು. “ಅಪಶಕುನ” ಎಂದು ಸಾವಕಾರರು ನನ್ನ ಕಿವಿಯಲ್ಲಿ ಹೇಳಿದರು. ನಾನು ಟಿಪ್ಪಣಿ ಮಾಡಿಕೊಂಡೆ. ತಬಲಾದವನು ಸಾಂಗಲಿಯಿಂದ ಕರೆಸಿದ ಹೊಸಬ. ಪೇಟಿ ಕೊಟ್ಟ ಸೂರಿಗೆ ಸುತ್ತಿಗೆ ಬಡಿದು ಕೂರಿಸಿಕೊಂಡ. “ಯಾವ ಪಟ್ಟಿ?” ಎಂದು ಧಾರವಾಡದವರು ಕೇಳಿದರು.

“ಕರಿ ನಾಕು ರೀ. ಆಕಿದು ಯಾವಾಗಲೂ ಕರಿ ನಾಕು” ಎಂದು ಗಿರಮಲ್ಲಪ್ಪ ಬೆರಳಿಟ್ಟು ತೋರಿಸಿದ. ಬೆರಳು ಕರಿ ನಾಲ್ಕರ ಮೇಲೆಯೇ ಇತ್ತು. ಇನ್ನೂರು ಮಂದಿ ನೋಡಿದೆವು.

ಯಂಕವ್ವ ಯಮನ್ ಎತ್ತಿಕೊಂಡಳು. ಮೊದಲ ‘ಸಾ’ ಹಿಡಿದಾಗಲೇ ಹುಬ್ಬು ಗಂಟಿಕ್ಕಿತು. ಒಮ್ಮೆ ಗಿರಮಲ್ಲಪ್ಪನ ಬೆರಳು ನೋಡಿದಳು, ಅದು ಇದ್ದಲ್ಲಿಯೇ ಇತ್ತು. ಕಣ್ಣು ಮುಚ್ಚಿ ಹಾಡಿದಳು. ಆಕೆಯ ಹೆಸರಿದ್ದದ್ದು ಮೇಲಿನ ‘ಪಾ’ಕ್ಕೆ, ಅಲ್ಲಿಗೆ ಏರಿ ನಿಂತಳೆಂದರೆ ಪಂಕ್ತಿಯಲ್ಲಿ ಸಾರು ಬಡಿಸುವವನೂ ನಿಲ್ಲುತ್ತಿದ್ದ. ಆ ದಿನ ಅಲ್ಲಿಗೆ ಏರಿದಳು, ಧ್ವನಿ ಒಡೆಯಿತು. ಮತ್ತೆ ಏರಿದಳು, ಮತ್ತೆ ಒಡೆಯಿತು. ಮೂರನೆಯ ಸಲ ಏರಲಿಲ್ಲ. ಧಾರವಾಡದವರು ಗಡಿಯಾರ ನೋಡಿಕೊಂಡರು. ನಾನು ಮನಸ್ಸಿನಲ್ಲಿಯೇ ‘ಕ’ಕಾರಗಳನ್ನು ಕೂಡಿಸತೊಡಗಿದೆ.

ಪತ್ರಿಕೆಯಲ್ಲಿ ಇನ್ನೊಂದು ಸಾಲನ್ನೂ ಬರೆದಿದ್ದೆ: ‘ಪೇಟಿಯು ಆಕೆಯ ರೂಢಿಯ ಕರಿ ನಾಲ್ಕರಲ್ಲಿಯೇ ಇದ್ದುದರಿಂದ ಇದರಲ್ಲಿ ಅನ್ಯರ ದೋಷವಿಲ್ಲ.’ ನ್ಯಾಯಾಧೀಶರೂ ಇಷ್ಟು ಖಚಿತವಾಗಿ ಬರೆಯುವುದಿಲ್ಲ.

ಯಂಕವ್ವ ಹಾಡುವುದನ್ನು ಬಿಟ್ಟಳು. ತಂಬೂರಿಯನ್ನು ಕೌದಿಯಲ್ಲಿ ಸುತ್ತಿ ಮೂಲೆಗೆ ನಿಲ್ಲಿಸಿ, ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತಲು ಹೋದಳು. ಗಿರಮಲ್ಲಪ್ಪ ವಾರಕ್ಕೊಮ್ಮೆ ಬಂದು ಕಲ್ಲುಸಕ್ಕರೆ, ಜೇಷ್ಠಮಧು ಕೊಟ್ಟು ಹೋಗುತ್ತಿದ್ದ. ಸಮಾಧಾನದ ಮಾತುಗಳನ್ನೂ ಆಡುತ್ತಿದ್ದ. ಒಮ್ಮೆ ಹೀಗೆಂದ:

“ಮದವಿ ಹಾಡಿಕಿಗೆ ಬಾರವ್ವಾ. ನಿನ್ನ ಸಲುವಾಗಿ ಪಟ್ಟಿ ಎರಡ ಮನಿ ಇಳಿಸಿ ಬಾರಸ್ತೀನಿ. ಬೆರಳ ಕರಿ ನಾಕರ ಮ್ಯಾಲನ ಇರತೈತಿ, ಯಾರಿಗೂ ಗೊತ್ತ ಆಗಂಗಿಲ್ಲ.”

ಆ ಹೊತ್ತಿಗೆ ಯಂಕವ್ವನಿಗೆ ಅದು ದಯೆಯ ಮಾತಾಗಿಯೇ ಕೇಳಿಸಿತು. ಅಣ್ಣನ ಉಪಕಾರ ಎಂದು ಕಣ್ಣಲ್ಲಿ ನೀರು ತಂದುಕೊಂಡಳಂತೆ.

ಒಂಬತ್ತು ತಿಂಗಳು ಹೀಗೆ ಕಳೆದವು. ಪಂಚಮಿ ಎರಡು ದಿನ ಇದೆ ಎನ್ನುವಾಗ, ಹಿತ್ತಲಲ್ಲಿ ಭಾಂಡಿ ತಿಕ್ಕುತ್ತಿದ್ದವಳ ಕೈಯಿಂದ ಗಂಗಾಳ ಜಾರಿ ಕಲ್ಲಿನ ಮೇಲೆ ಬಿತ್ತು. ‘ಠಣ್’. ಅದರೊಡನೆ ಆಕೆಯ ಬಾಯಿಂದ ತಾನೇತಾನಾಗಿ ‘ಸಾ’ ಹೊರಬಿತ್ತು. ಬೂದಿ ಮೆತ್ತಿದ ಕೈ ಹಾಗೆಯೇ ಇತ್ತು, ಧ್ವನಿ ಏರಿತು. ಮೇಲಿನ ‘ಪಾ’ಕ್ಕೆ ಹೋಗಿ ನಿಂತಿತು, ಒಡೆಯಲಿಲ್ಲ. ಪಕ್ಕದ ಮನೆಯ ಮಗ್ಗ ನಿಂತಿತಂತೆ.

ಯಂಕವ್ವ ಒಳಗೆ ಬಂದು ಕೌದಿ ಬಿಚ್ಚಿ ತಂಬೂರಿ ಮೀಟಿದಳು. ರೇಡಿಯೋದವರ ಮುಂದೆ ಹಾಡಿದ ಸಂಜೆ ಬಿಗಿದ ತಂತಿಗಳನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಗಂಗಾಳ ಬಾರಿಸಿದಳು. ತಂಬೂರಿ ಗಂಗಾಳಕ್ಕಿಂತ ಎಷ್ಟೋ ಮೇಲಿತ್ತು. ಬಿಗಿದಿಟ್ಟ ತಂತಿ ತಿಂಗಳುಗಟ್ಟಲೆ ಬಿಟ್ಟರೆ ಸಡಲಿ ಇಳಿಯಬೇಕು. ಇದು ಸಡಲಿಯೂ ಮೇಲಿದೆ ಎಂದರೆ ಅಂದು ಇನ್ನೆಷ್ಟು ಬಿಗಿದಿರಬೇಕು! ಎರಡು ತಂತಿ ಯಾಕೆ ಹರಿದವು ಎಂಬುದೂ ಆಗ ಹೊಳೆಯಿತು. ‘ಬೆರಳ ಕರಿ ನಾಕರ ಮ್ಯಾಲನ ಇರತೈತಿ, ಯಾರಿಗೂ ಗೊತ್ತ ಆಗಂಗಿಲ್ಲ.’ ಆಕೆ ಗಂಗಾಳವನ್ನು ಮಡಿಲಲ್ಲಿಟ್ಟುಕೊಂಡು ಕತ್ತಲಾಗುವವರೆಗೆ ಕೂತಿದ್ದಳಂತೆ.

ಆ ವರ್ಷ ಗಿರಮಲ್ಲಪ್ಪ ಪಂಚಮಿಗೆ ಕರೆಯಲು ಬರಲಿಲ್ಲ. ಯಂಕವ್ವ ತಾನಾಗಿಯೇ ಹೋದಳು, ಬಗಲಲ್ಲಿ ತಂಬೂರಿ, ಚೀಲದಲ್ಲಿ ಗಂಗಾಳ. ಮುಂದೆ ನಡೆದದ್ದನ್ನು ನನಗೆ ಹೇಳಿದ್ದು ಆಕೆಯೇ.

ಗಿರಮಲ್ಲಪ್ಪನ ಹೆಂಡತಿ ಲಗಮವ್ವ ಬಾಗಿಲಿಗೆ ಬಂದು, “ಬಾರವ್ವಾ ಬಾ. ನಿಮ್ಮಣ್ಣಗ ಕರಿಯಾಕ ಹೋಗಂದ್ರ ಕಾಲ ನೋಯಾಕತ್ತಾವ ಅಂದ” ಎಂದಳು.

“ಕಾಲ ಯಾಕ ನೋಯತಾವ ವೈನಿ? ಕೈ ನೋಯಬೇಕಾಗಿತ್ತು.”

ಜೋಕಾಲಿಯ ಹಗ್ಗ ಕಟ್ಟುತ್ತಿದ್ದ ಗಿರಮಲ್ಲಪ್ಪನ ಮುಂದೆ ತಂಬೂರಿಯನ್ನೂ ಗಂಗಾಳವನ್ನೂ ಇಟ್ಟಳು. ಒಂದನ್ನು ಮೀಟಿದಳು, ಇನ್ನೊಂದನ್ನು ಬಾರಿಸಿದಳು.

“ಅಣ್ಣಾ, ಇವೆರಡರಾಗ ಕರಿ ನಾಕು ಯಾವುದು ಹೇಳು.”

“ಹಬ್ಬದ ದಿನ ಭಾಂಡಿ ಯಾಕ ಬಡೀತಿಯವ್ವಾ?” ಎಂದಳು ಲಗಮವ್ವ, ಪಾಪ, ಏನೂ ಗೊತ್ತಿಲ್ಲದೆ.

ಗಿರಮಲ್ಲಪ್ಪ, “ಮಳಿಗಾಲದ ಹವಾ. ತಂತಿ ಏರಿರತಾವು” ಎಂದ.

“ನಿಮ್ಮಪ್ಪ ನನಗ ಹಂಗ ಕಲಿಸಿಲ್ಲ. ಬಿಟ್ಟ ತಂತಿ ಇಳೀತೈತಿ ಅಂತ ಹೇಳಿದ್ದರು.”

ಅವನು ಹಗ್ಗ ಬಿಟ್ಟು ಕೂತ. “ಎರಡ ಮನಿ ಸರಿಸಿದ್ದೆ ಯಂಕವ್ವಾ. ಎರಡ ಮನಿ ಅಷ್ಟ.”

“ಯಾಕ?”

“ರೇಡಿಯೋದವರು ಪೇಟಿ ಒಳಗ ಬಿಡಾಂಗಿಲ್ಲ. ನೀ ಧಾರವಾಡದ ದಾರಿ ಹಿಡಿದರ ನಾ ಯಾರ ಬೆನ್ನಿಗೆ ಬಾರಸ್ಲಿ?”

“ಹೋಗಬ್ಯಾಡ ಅಂತ ಒಂದ ಮಾತ ಅನಬಾರದಾಗಿತ್ತ?”

“ಅಂದಿದ್ದರ ಬಿಡತಿದ್ದಿ?”

“ಬಿಡತಿದ್ದಿಲ್ಲ. ನಿನ್ನ ಕೂಡ ಜಗಳಾ ಆಡಿ ಹೋಗತಿದ್ದೆ. ಜಗಳಾ ಆಡಿದ ಅಣ್ಣನ ಮನಿಗೆ ಮತ್ತ ಪಂಚಮಿಗೆ ಬರಬೌದಿತ್ತು. ಒಂಬತ್ತ ತಿಂಗಳ ನನ್ನ ಗಂಟಲದ ಮ್ಯಾಲ ನನಗ ಸಿಟ್ಟ ಬರೂಹಂಗ ಮಾಡಿದೆಲ್ಲೋ. ಮ್ಯಾಲ ಕಲ್ಲಸಕ್ಕರಿ ಬ್ಯಾರೆ ತಂದ ಕೊಟ್ಟಿ.”

ಹೊರಡುವಾಗ ಲಗಮವ್ವ ಎಂದಿನಂತೆ ಉಡಿ ತುಂಬಿದಳು. ಯಂಕವ್ವ ಅಕ್ಕಿ, ಕೊಬ್ಬರಿ, ಉಂಡಿ ತೆಗೆದುಕೊಂಡಳು. ವೈನಿ ಏನೂ ತಪ್ಪು ಮಾಡಿರಲಿಲ್ಲ. ಕುಬಸದ ಖಣವನ್ನು ಮಾತ್ರ ಉಡಿಯಿಂದ ತೆಗೆದು ಪೇಟಿಯ ಮೇಲಿಟ್ಟು ಬಂದಳು.

ಮರುದಿನ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಅದೇ ತಂಬೂರಿ, ಅದೇ ಗಂಗಾಳ, ಜೊತೆಗೆ ನನ್ನ ಲೇಖನದ ಕತ್ತರಿಸಿದ ತುಂಡು. ನಾಲ್ಕಾಗಿ ಮಡಿಸಿ ಸವೆದಿದ್ದ ಆ ತುಂಡನ್ನು ನೋಡಿ ಮೊದಲು ಹೆಮ್ಮೆಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಯಂಕವ್ವ ಎರಡನ್ನೂ ಬಾರಿಸಿ ತೋರಿಸಿ ಕೇಳಿದಳು:

“ರಾಯರ, ಯಾವುದು ಏರೈತಿ?”

ನಾನು ಕಣ್ಣು ಮುಚ್ಚಿ, ತಲೆದೂಗಿ, ಸ್ವಲ್ಪ ಹೊತ್ತು ತಡೆದು, “ಗಂಗಾಳದ್ದು” ಎಂದೆ.

ಅಡಿಗೆಮನೆಯಿಂದ ನನ್ನ ಹೆಂಡತಿ ವತ್ಸಲೆ, “ಅಯ್ಯ, ತಂಬೂರಿದು ಮ್ಯಾಲ ಅದ ಅಲ್ಲರಿ! ಅಷ್ಟೂ ತಿಳಿಯೂದಿಲ್ಲೇನು?” ಎಂದು ಕೂಗಿದಳು. ಆಕೆ ಮಂಡಳಿಯ ಸದಸ್ಯಳಲ್ಲ. ಕಾಯಿ ತುರಿಯುತ್ತ ಹೇಳಿದ ಮಾತು.

ಯಂಕವ್ವ ನಗಲಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿ, “ಅಂವ ಎರಡ ಮನಿ ಸರಿಸಿದ್ದು ಒಂದ ಸಂಜಿಗಷ್ಟ. ಅದನ್ನ ನೀವು ಅಚ್ಚ ಹಾಕಿಸಿ ಖಾಯಂ ಮಾಡಿದ್ರಿ. ನಾ ಕಂಡಿಕಿ ಸುತ್ತೂವಾಗ ಮನಸ್ಸ ಹಾಡಿನ ಕಡೆ ಎಳೀತಂದ್ರ ಈ ಕಾಗದಾ ತಗದ ಓದಸ್ಕೋತಿದ್ದೆ. ಓದಿಸ್ಕೊಂಡ ಕೂಡ್ಲೆ ಸುಮ್ಮ ಆಗತಿದ್ದೆ. ಕಲ್ತವರು ಬರದಾರ, ಖರೇನ ಇರಬೇಕು ಅಂತ” ಎಂದಳು.

ನನ್ನ ಬರಹವನ್ನು ಒಂಬತ್ತು ತಿಂಗಳು ಬಿಡದೆ ಓದಿಸಿಕೊಂಡ ಇನ್ನೊಬ್ಬರು ನನಗೆ ಸಿಕ್ಕಿಲ್ಲ. ಅದರ ಫಲ ಹೀಗಾಗಿತ್ತು.

ತಿದ್ದುಪಡಿ ಬರೆಯುತ್ತೇನೆಂದೆ. ‘ಪ್ರಮಾದವಶಾತ್’ ಎಂದು ಶುರುಮಾಡಿ ಎರಡು ಹಾಳೆ ತುಂಬಿಸಿ ಓದಿ ತೋರಿಸಿದೆ. 

“ಇಷ್ಟ ಬ್ಯಾಡ್ರಿ. ‘ಧ್ವನಿ ಹೋಗಿಲ್ಲ, ಪೇಟಿ ಏರಿತ್ತು’ ಅಂತ ಬರೀರಿ, ಸಾಕು” ಎಂದಳು ಯಂಕವ್ವ.

ಇದನ್ನು ಕೇಳಿ ಬಸಗೊಂಡಪ್ಪ ಸಾವಕಾರರು ಕೆಂಡವಾದರು. “ನಮ್ಮ ಜಮಖಾನದ ಮ್ಯಾಲ ಕುಂತು ಮೋಸ ಆತು ಅಂತ ಬರೀತೀರೇನು? ಮುಂದ ಕುಂತವರು ನಾವಿಬ್ಬರು. ನಮಗ ತಿಳೀಲಿಲ್ಲ ಅಂತ ಆತಲ್ಲ ಹಂಗಾರ?” ಹಾಗೆಯೇ ಆಗುತ್ತಿತ್ತು, ಅದಕ್ಕೇ ನಾನೂ ಗಟ್ಟಿಯಾಗಿ ವಾದಿಸಲಿಲ್ಲ. ಕೊನೆಗೆ ತಿದ್ದುಪಡಿ ಅಚ್ಚಾಯಿತು, ನಾಲ್ಕನೆಯ ಪುಟದಲ್ಲಿ, ಕಳೆದುಹೋದ ಎಮ್ಮೆಯೊಂದರ ಪ್ರಕಟಣೆಯ ಕೆಳಗೆ. ಎಮ್ಮೆ ಮೂರು ದಿನದಲ್ಲಿ ಸಿಕ್ಕಿತು. ತಿದ್ದುಪಡಿ ಯಾರ ಕಣ್ಣಿಗೂ ಬಿದ್ದ ಹಾಗೆ ಕಾಣಲಿಲ್ಲ.

ಮೊದಲಿನ ಮಾತನ್ನೇ ಊರು ನಂಬಿಕೊಂಡಿತ್ತು. ಗಿರಮಲ್ಲಪ್ಪ ತೇರದಾಳದ ಒಬ್ಬ ಹೊಸ ಹುಡುಗಿಗೆ ಪೇಟಿ ಹಿಡಿದ. ರಬಕವಿಯ ವರ್ತಕರ ಮದುವೆಗಳೆಲ್ಲ ಅವರ ಪಾಲಾದವು. ಅಂಥ ಪೇಟಿ ನಾಲ್ಕು ಊರಲ್ಲಿ ಇನ್ನೊಂದಿರಲಿಲ್ಲ, ಪೇಟಿಯವನನ್ನು ಎದುರು ಹಾಕಿಕೊಳ್ಳುವವರು ಯಾರು? ನಮ್ಮ ಮಂಡಳಿಯೇ ಗಣೇಶನ ಹಬ್ಬಕ್ಕೆ ಅವನನ್ನು ಕರೆಸಿತು. ಮುಂದಿನ ಸಾಲಿನಲ್ಲಿ ಕೂತು ನಾನೂ ತಲೆದೂಗಿದೆ. ಯಂಕವ್ವ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆಕೆ ಹಗಲೆಲ್ಲ ಕಂಡಿಕೆ ಸುತ್ತುತ್ತಿದ್ದಳು. ನಸುಕಿನಲ್ಲಿ ಮಗ್ಗಗಳು ಶುರುವಾಗುವ ಮುಂಚೆ ಗಂಗಾಳ ಬಾರಿಸಿಕೊಂಡು ಎರಡು ತಾಸು ಹಾಡುತ್ತಿದ್ದಳು.

ಧಾರವಾಡಕ್ಕೆ ಕಾಗದ ಬರೆದುಕೊಡುವ ಕೆಲಸ ಮಾತ್ರ ನನ್ನಿಂದ ನೆಟ್ಟಗೆ ಆಯಿತು. ಅದನ್ನೂ ಆಕೆ ಎರಡು ಸಾಲಿಗೆ ಇಳಿಸಿದ್ದರಿಂದ. ‘ಆ ದಿನ ಸೂರು ನನ್ನದಲ್ಲ. ಇನ್ನೊಮ್ಮೆ ಕೇಳಬೇಕು.’ ಐದು ತಿಂಗಳ ಮೇಲೆ ಕರೆ ಬಂದಿತು. ಯಂಕವ್ವ ಒಬ್ಬಳೇ ಹೊರಟಳು. ಲೋಕಾಪುರದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ ಕೌದಿಯಲ್ಲಿ ಸುತ್ತಿದ ತಂಬೂರಿಯ ಬುರುಡೆ ಮುಟ್ಟಿ, “ಏನವಾ, ಕುಂಬಳಕಾಯಿ ಇಷ್ಟ ದೊಡ್ಡದು! ಯಾವ ಹೊಲದ್ದು?” ಎಂದನಂತೆ.

“ರಬಕವಿ ಮಾಸ್ತರ ಹೊಲದ್ದಪ್ಪಾ. ಹಗೂರಕ ಇಡು, ಅಳತೈತಿ.”

ಧಾರವಾಡದಲ್ಲಿ ಮೂವರು ಕೂತಿದ್ದರಂತೆ. ಸೂರು ಯಾವುದೆಂದು ಕೇಳಿದರು. ಯಂಕವ್ವ ಕರಿ ನಾಲ್ಕು ಎನ್ನಲಿಲ್ಲ. ಚೀಲದಿಂದ ಗಂಗಾಳ ತೆಗೆದು ಬೆರಳಿಂದ ಬಾರಿಸಿ, “ಇದು” ಎಂದಳು. ಇಬ್ಬರು ನಕ್ಕರು. ಆಕೆ ತಂಬೂರಿ ಕೂರಿಸಿಕೊಂಡು ಅದೇ ಯಮನ್ ಹಾಡಿ, ಮೇಲಿನ ‘ಪಾ’ದ ಮೇಲೆ ಉಸಿರು ಇರುವ ತನಕ ನಿಂತಳು. ಆಮೇಲೆ ಯಾರೂ ನಗಲಿಲ್ಲ. ಪಾಸು ಮಾಡಿದರು, ಎಲ್ಲಕ್ಕಿಂತ ಕೆಳಗಿನ ದರ್ಜೆಗೆ. ಎರಡು ತಿಂಗಳಿಗೊಮ್ಮೆ ಸಂಜೆ ಹದಿನೈದು ನಿಮಿಷ.

ಮೊದಲ ಸಲ ಆಕೆ ಹಾಡಿದ ಸಂಜೆ ಜಮಖಂಡಿಯ ಪುರಸಭೆಯ ರೇಡಿಯೋದ ಮುಂದೆ ಜನ ಕೂಡಿದ್ದರು. ‘ಯಂಕವ್ವ ಬನಹಟ್ಟಿ’ ಎಂದು ಮೊದಲೂ ಹೇಳಿದರು, ಕೊನೆಗೂ ಹೇಳಿದರು. “ನಮ್ಮ ಮಂಡಳಿ ಬೆಳಿಸಿದ ಕಲಾವಿದಿ” ಎಂದು ಸಾವಕಾರರು ಸುತ್ತಲಿನವರಿಗೆ ತಿಳಿಸಿದರು. ನಾನು ಗುಂಪಿನ ಅಂಚಿಗೆ ನೋಡಿದೆ. ಬೇಲಿಯ ಆಚೆ ಗಿರಮಲ್ಲಪ್ಪ ಸೈಕಲ್ ಹಿಡಿದು ನಿಂತಿದ್ದ. ಅವನ ಬಲಗೈ ಸೀಟಿನ ಮೇಲಿತ್ತು. ಬೆರಳುಗಳು ಆಡುತ್ತಿದ್ದವು, ಆಕೆ ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಆಡಿದವು. ಆಮೇಲೆ ಸೈಕಲ್ ತಳ್ಳಿಕೊಂಡು ಹೋದ.

ಇದನ್ನು ಯಂಕವ್ವನಿಗೆ ಹೇಳಿ ಇಬ್ಬರನ್ನೂ ಕೂಡಿಸಿದರೆ ನನ್ನ ‘ಕ’ಕಾರಗಳ ಪಾಪವೂ ಸ್ವಲ್ಪ ಕಳೆದೀತು ಎಂಬ ಲೆಕ್ಕ. ಮುಂದಿನ ಪಂಚಮಿಯ ಮುನ್ನಾದಿನ ಬನಹಟ್ಟಿಗೆ ಹೋದೆ. ಆಕೆ ರಾಟಿಯ ಮುಂದೆ ಕೂತಿದ್ದಳು. ಹಳೆಯ ಕುಬಸ, ತೋಳಿನಲ್ಲಿ ತೇಪೆ. ಸೈಕಲ್ ಸೀಟಿನ ಕಥೆಯನ್ನು ಬೇಕಾದಷ್ಟು ಉಪ್ಪುಖಾರ ಹಚ್ಚಿ ಹೇಳಿದೆ. ಕೇಳುತ್ತ ಆಕೆಯ ಕೈ ಒಮ್ಮೆ ನಿಂತಿತು, ಮತ್ತೆ ತಿರುಗಿತು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಕಾರ್ಯದರ್ಶಿ ಹೇಗಾದೇನು? ಗಂಟಲು ಸರಿಮಾಡಿಕೊಂಡು ಕೇಳಿದೆ:

“ಅಲ್ಲ ಯಂಕವ್ವಾ, ಹದಿಮೂರು ವರ್ಷ ಅಣ್ಣ ಅಂತ ನಡಕೊಂಡ. ಆ ಒಂದ ದಿನ ಬಿಟ್ಟರ ಉಳದದ್ದೆಲ್ಲಾ ಛಲೋನ ಇದ್ದನಲ್ಲ?”

ಯಂಕವ್ವ ತುಂಬಿದ ಕಂಡಿಕೆ ತೆಗೆದು ಬುಟ್ಟಿಗೆ ಹಾಕಿ, ಇನ್ನೊಂದನ್ನು ಸಿಕ್ಕಿಸಿದಳು.

“ನನಗ ಅಂವ ಬೇಕಾಗಿದ್ದು ಆ ಒಂದ ದಿನಾನ ರೀ.”